ಮರಿಗಳನ್ನು 40 ದಿನಕ್ಕೇ ಕೊಟ್ಟುಬಿಡಬೇಕಾ? ಕೊಡೋವರೆಗೆ ಮನೆಯಲ್ಲಿ ಏನೇನು ರೂಢಿ ಮಾಡಿಸಬೇಕು?

ಮೂಡಿಗೆರೆ ತೋಟದಮನೆ:
ಲ್ಯಾಬ್ರಡಾರ್ ತಾಯಿ, ಒಂದೇ ಸೂಲಿನ ಆರು ಮರಿ, ಇವತ್ತಿಗೆ 19 ದಿನ. ಕಣ್ಣು ಬಿಟ್ಟು ತಟ್ಟಾಡಿಕೊಂಡು ನಡೆಯೋಕೆ ಶುರು ಮಾಡಿವೆ. ಜಗಲಿ ಪಕ್ಕದ ಕೋಣೆಯಲ್ಲಿ ಇಟ್ಟಿದ್ದೀವಿ. ಹೊರಗೆ ಮಳೆ ಬಿಡುವು ಕೊಡ್ತಿಲ್ಲ. ತಗೊಳ್ಳೋರು ನಾಲ್ಕು ಮನೆ ಗೊತ್ತಾಗಿದೆ: ಎರಡು ಹಾಸನ, ಒಂದು ಬೆಂಗಳೂರಿನ ಅಪಾರ್ಟ್‌ಮೆಂಟು, ಇನ್ನೊಂದು ಪಕ್ಕದ ಎಸ್ಟೇಟು. ಎಲ್ಲರದ್ದೂ ಒಂದೇ ಮಾತು, "35–40 ದಿನಕ್ಕೆ ಕೊಡಿ, ಚಿಕ್ಕದಿದ್ದಾಗಲೇ ತಂದ್ರೆ ನಮ್ಮ ಕೈಗೆ ಹೊಂದಿಕೊಳ್ಳುತ್ತೆ." ಇದು ಸರೀನಾ? ಇಟ್ಟುಕೊಳ್ಳೋದೇ ಆದ್ರೆ ಅಷ್ಟು ದಿನ ಅವುಗಳಿಗೆ ಏನು ಮಾಡಿಸಬೇಕು? ಹೊರಗಿನವರನ್ನ ಬಿಟ್ಟುಕೊಂಡ್ರೆ ಪಾರ್ವೊ (ಮರಿಗಳಿಗೆ ವಾಂತಿ, ರಕ್ತಭೇದಿ ತರೋ ವೈರಸ್ ಕಾಯಿಲೆ) ಬರುತ್ತೆ ಅಂತ ಮನೆಯವರಿಗೆ ಭಯ. ತಿಳಿದವರು ವಿವರವಾಗಿ ಹೇಳಿ.

ಹಾಸನ ಪಶುವೈದ್ಯೆ:
ಮೊದಲು ವಯಸ್ಸಿನ ವಿಚಾರ ಮುಗಿಸೋಣ. ಎಂಟು ವಾರ, ಅಂದ್ರೆ 56 ದಿನ ತುಂಬದೆ ಮರಿ ಮನೆ ಬಿಡಬಾರದು. ಕಾನೂನು ಹೇಳೋದೂ ಅದನ್ನೇ: 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ಕೇಂದ್ರ ನಿಯಮಗಳಲ್ಲಿ ಎಂಟು ವಾರದೊಳಗಿನ ಮರಿ ಮಾರುವ ಹಾಗಿಲ್ಲ. ಮಾರಾಟಕ್ಕೆಂದೇ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯನ್ನೂ ಮಾಡಿಸಿರಬೇಕು.

"ಚಿಕ್ಕದಿದ್ದಾಗಲೇ ತಂದ್ರೆ ಹೊಂದಿಕೊಳ್ಳುತ್ತೆ" ಅನ್ನೋದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದವರು ಮನುಷ್ಯರ ಸಂಪರ್ಕವೇ ಇಲ್ಲದೆ ಬೇಲಿಯೊಳಗಿನ ಹೊಲದಲ್ಲಿ ಮರಿಗಳನ್ನ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಒಳಗೆ ತಂದು ಜನರ ಜೊತೆ ಇಟ್ಟರು. 1961ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು, ಏಳು, ಒಂಬತ್ತನೇ ವಾರದಲ್ಲಿ ಬಂದ ಮರಿಗಳು ಮನುಷ್ಯರಿಗೆ ಹೊಂದಿಕೊಂಡವು. ಹದಿನಾಲ್ಕು ವಾರ ಯಾರನ್ನೂ ನೋಡದೆ ಬೆಳೆದವು ಮಾತ್ರ ಹತ್ತಿರವೇ ಬರಲಿಲ್ಲ. ಅಂದ್ರೆ ಎಂಟು ವಾರಕ್ಕೆ ಒಯ್ದವರಿಗೆ ಮರಿಯ ಪ್ರೀತಿ ತಪ್ಪಿಹೋಗೋದಿಲ್ಲ. ಬೇಗ ಕಿತ್ತುಕೊಂಡರೆ ಏನಾಗುತ್ತೆ ಅನ್ನೋದಕ್ಕೆ 2011ರ ಇಟಲಿಯ ಅಧ್ಯಯನ ಇದೆ. 30–40 ದಿನಕ್ಕೆ ತಾಯಿ ಬಿಟ್ಟ 70 ನಾಯಿಗಳನ್ನ ಎರಡು ತಿಂಗಳಿಗೆ ಬಿಟ್ಟ 70 ನಾಯಿಗಳ ಜೊತೆ ಹೋಲಿಸಿದರು. ಬೇಗ ಬಿಟ್ಟವುಗಳಲ್ಲಿ ಅತಿ ಬೊಗಳಾಟ, ಶಬ್ದಕ್ಕೆ ಬೆಚ್ಚೋದು, ರಸ್ತೆಯಲ್ಲಿ ಹೆದರೋದು, ಊಟ ಆಟಿಕೆ ಮುಟ್ಟಿದ್ರೆ ಗುರ್ ಅನ್ನೋದು, ಸಾಮಾನು ಕಡಿದು ಹಾಕೋದು ಹೆಚ್ಚಾಗಿತ್ತು.

ಕಾರಣ ಇಷ್ಟೆ. ಮೂರನೇ ವಾರದಿಂದ ಹನ್ನೆರಡು–ಹದಿನಾಲ್ಕನೇ ವಾರದವರೆಗೆ ಮರಿಯ ಮಿದುಳು "ಇದು ನಮ್ಮ ಲೋಕದ್ದು, ಇದಕ್ಕೆ ಹೆದರಬೇಕಿಲ್ಲ" ಅಂತ ಪಟ್ಟಿ ಮಾಡಿಕೊಳ್ಳೋ ಕಾಲ. ಮೂರರಿಂದ ಐದನೇ ವಾರದಲ್ಲಿ ಮರಿಗೆ ಭಯ ಬಹಳ ಕಡಿಮೆ, ಕಂಡದ್ದರ ಹತ್ತಿರ ಹೋಗುತ್ತೆ. ಐದನೇ ವಾರದ ನಂತರ ಹೊಸತನ್ನ ಕಂಡರೆ ಹಿಂಜರಿಯೋದು ಶುರುವಾಗಿ, ಎಂಟರಿಂದ ಹತ್ತನೇ ವಾರಕ್ಕೆ ಜೋರಾಗುತ್ತೆ. ಹಾಗಾಗಿ ಈ ಕಾಲದ ಮೊದಲ ಐದು ವಾರ ನಿಮ್ಮ ಮನೆಯದ್ದು, ಉಳಿದದ್ದು ತಗೊಂಡು ಹೋದವರದ್ದು. ನೀವು ಮಾಡದೆ ಬಿಟ್ಟ ಭಾಗವನ್ನ ಅವರು ಪೂರ್ತಿ ತುಂಬಿಸೋಕೆ ಆಗಲ್ಲ. ಕಚ್ಚುವ ಬಿಗಿ ಎಷ್ಟಿರಬೇಕು ಅನ್ನೋದನ್ನಂತೂ ಆರರಿಂದ ಎಂಟನೇ ವಾರದಲ್ಲಿ ಅಣ್ಣತಮ್ಮಂದಿರ ಜೊತೆ ಕಚ್ಚಾಡಿಯೇ ಕಲಿಯಬೇಕು. ಜೋರಾಗಿ ಕಚ್ಚಿದ್ರೆ ಇನ್ನೊಂದು ಕುಂಯ್ ಅಂತ ಆಟ ನಿಲ್ಲಿಸುತ್ತೆ, ತಾಯಿ ಎದ್ದು ಹೋಗ್ತಾಳೆ. ಅಷ್ಟು ಚೆನ್ನಾಗಿ ನಾವು ಕಲಿಸೋಕಾಗಲ್ಲ.

ಚಿಕ್ಕಮಗಳೂರು ನಾಯಿಮನೆ:
ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಜಾಗದ ವಿಷಯ ಹೇಳ್ತೀನಿ, ಯಾಕಂದ್ರೆ ಮಳೆಗಾಲದಲ್ಲಿ ಮರಿ ಹಾಳಾಗೋದು ನೆಲದಿಂದ ಮತ್ತು ಥಂಡಿಯಿಂದ.

ಮೊದಲ ವಾರ ಮರಿ ಮಲಗೋ ಮಟ್ಟದಲ್ಲಿ 29ರಿಂದ 32 ಡಿಗ್ರಿ ಬೇಕು, ಎರಡನೇ ವಾರದ ಕೊನೆಗೆ 27ರ ಹತ್ತಿರ, ನಿಮ್ಮ ಮರಿಗಳಿಗೆ ಈಗ 24–26 ಸಾಕು. ಥರ್ಮಾಮೀಟರನ್ನ ಗೋಡೆಗೆ ನೇತು ಹಾಕಬೇಡಿ, ಹಾಸಿಗೆ ಮೇಲೆ ಇಡಿ. ಬಲ್ಬು ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಇರಲಿ. ಸೆಕೆ ಆದ್ರೆ ಮರಿ ಸರಿದು ಹೋಗೋಕೆ ಇನ್ನೊಂದು ಕಡೆ ತಣ್ಣಗಿರಬೇಕು. ಒಂದರ ಮೇಲೊಂದು ಗುಡ್ಡೆ ಹಾಕಿಕೊಂಡು ಕುಂಯ್ಗುಟ್ಟಿದ್ರೆ ಥಂಡಿ, ದೂರ ದೂರ ಮಲಗಿ ಏದುಸಿರು ಬಿಟ್ರೆ ಸೆಕೆ. ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಇಡಿ. ಕೆಂಡದ ಅಗ್ಗಿಷ್ಟಿಕೆಯನ್ನ ಮುಚ್ಚಿದ ಕೋಣೆಗೆ ತರಲೇಬೇಡಿ, ಅದರ ಗಾಳಿಗೆ ಮರಿಗಳೂ ಉಳಿಯಲ್ಲ, ತಾಯಿಯೂ ಉಳಿಯಲ್ಲ. ಬಚ್ಚಲ ಒಲೆ ಪಕ್ಕ ಬೆಚ್ಚಗಿರುತ್ತೆ ಅಂತ ಹಲವರು ಅಲ್ಲಿ ಇಡ್ತಾರೆ. ಆ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೇದಲ್ಲ.

ನೆಲಕ್ಕೆ ನ್ಯೂಸ್‌ಪೇಪರ್ ಒಂದನ್ನೇ ಹಾಸಬೇಡಿ. ರೆಡ್‌ಆಕ್ಸೈಡ್ ನೆಲದ ಮೇಲೆ ಪೇಪರ್ ಜಾರುತ್ತೆ. ಹಿಂಗಾಲು ಎರಡೂ ಪಕ್ಕಕ್ಕೆ ಸರಿದು ಮರಿ ಕಪ್ಪೆ ಥರ ಈಜಿಕೊಂಡು ಹೋಗೋದು ಜಾರುವ ನೆಲದಲ್ಲಿ ಇನ್ನೂ ಹೆಚ್ಚಾಗುತ್ತೆ, ತೂಕದ ಲ್ಯಾಬ್ ಮರಿಗಂತೂ ಬೇಗ. ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟು ತುಂಡು ಮಾಡಿ ಹಾಸಿ, ಮೇಲೆ ಹಳೇ ಕಾಟನ್ ಸೀರೆ ಬಿಗಿಯಾಗಿ ಮಡಚಿ ಸಿಕ್ಕಿಸಿ. ಗೋಣಿಚೀಲ ಬೇಡ. ಅದರ ದಾರ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಟ ನಿಂತುಹೋಗುತ್ತೆ. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ, ಆರು ಮರಿಗೆ ಕಡೇಪಕ್ಷ ಹತ್ತು ಹನ್ನೆರಡು ಸೀರೆ ತುಂಡು ಸುತ್ತಿನಲ್ಲಿ ಇರಲಿ, ಒದ್ದೆ ಮೇಲೆ ಮಲಗಿಸಬೇಡಿ.

ಇವತ್ತೇ ಶುರು ಮಾಡಬೇಕಾದ್ದು ಕಕ್ಕಸಿನ ಜಾಗ. ಮೂರು ವಾರದವರೆಗೆ ತಾಯಿ ನೆಕ್ಕಿದ್ರೆ ಮಾತ್ರ ಮರಿ ಉಚ್ಚೆ ಮಾಡುತ್ತೆ. ಆಮೇಲೆ ತಾನೇ ಹಾಸಿಗೆ ಬಿಟ್ಟು ದೂರ ಹೋಗಿ ಮಾಡೋಕೆ ನೋಡುತ್ತೆ. ಆ ಹುಟ್ಟುಗುಣವನ್ನ ಉಪಯೋಗಿಸಿಕೊಳ್ಳಿ. ಮಲಗೋ ಜಾಗಕ್ಕೂ ಕಕ್ಕಸಿಗೂ ಕಾಲಿಗೆ ಬೇರೆ ಬೇರೆ ಅನ್ನಿಸಬೇಕು: ಒಂದು ಕಡೆ ಮೆತ್ತನೆ ಬಟ್ಟೆ, ಇನ್ನೊಂದು ತುದಿಯಲ್ಲಿ ಅಗಲವಾದ ತಗ್ಗು ಟ್ರೇಯಲ್ಲಿ ಒಣಮಣ್ಣು ಅಥವಾ ಭತ್ತದ ಹೊಟ್ಟು. ಕಾಫಿ ಹೊಟ್ಟು ಹಾಕಬೇಡಿ, ಅದರಲ್ಲಿ ಕೆಫೀನ್ ಇರುತ್ತೆ, ಮರಿ ತಿಂದೇ ತಿನ್ನುತ್ತೆ. ನಿದ್ದೆಯಿಂದ ಎದ್ದ ತಕ್ಷಣ ಮತ್ತು ಉಂಡ ಹತ್ತು ನಿಮಿಷದೊಳಗೆ ಟ್ರೇಗೆ ಬಿಡಿ. ಶುರುವಿನಲ್ಲಿ ಉಚ್ಚೆ ತಾಗಿದ ಒಂದು ಹಿಡಿ ಹೊಟ್ಟನ್ನ ಅಲ್ಲೇ ಉಳಿಸಿ, ವಾಸನೆಗೆ ಹುಡುಕಿಕೊಂಡು ಬರುತ್ತೆ. ಎಂಟು ವಾರದೊಳಗೆ ಕಾಲಿಗೆ ಯಾವ ನೆಲ ರೂಢಿಯಾಯ್ತೋ ಆಮೇಲೂ ಅದನ್ನೇ ಹುಡುಕುತ್ತೆ. ಬರೀ ಸಿಮೆಂಟಿನ ಮೇಲೆ ಬೆಳೆದ ಮರಿಗೆ ಹೊಸ ಮನೆಯ ಹಜಾರವೂ ಕಕ್ಕಸೇ.

ಅರಸೀಕೆರೆಯಿಂದ:
ದಿನಾ ಎರಡು ಸಲ ಫಿನಾಯಿಲ್ ಹಾಕಿ ತೊಳೆದ್ರೆ ಪಾರ್ವೊ ಭಯ ಇರಲ್ಲ ಅಲ್ವಾ? ನಮ್ಮ ಕಡೆ ಎಲ್ಲರೂ ಹಾಗೇ ಮಾಡೋದು.

ಹಾಸನ ಪಶುವೈದ್ಯೆ:
ಇಲ್ಲ. ಫಿನಾಯಿಲ್‌ಗೆ ಪಾರ್ವೊ ವೈರಸ್ ಸಾಯಲ್ಲ. ಮೇಲಾಗಿ ಆ ನೆಲದ ಮೇಲೆ ಹರಿದಾಡಿ ಕಾಲು ನೆಕ್ಕಿಕೊಳ್ಳೋ ಮರಿಗೆ ಫಿನಾಲ್ ಅಂಶವೇ ವಿಷ. ಪಾರ್ವೊಗೆ ಬ್ಲೀಚ್ ಬೇಕು. ಮನೆಬಳಕೆಯ, ಸುಮಾರು 5 ಪರ್ಸೆಂಟಿನ ಹೈಪೋಕ್ಲೋರೈಟ್ ದ್ರಾವಣ ಒಂದು ಪಾಲಿಗೆ 30 ಪಾಲು ನೀರು. ಮೊದಲು ಸೋಪಿನ ನೀರಲ್ಲಿ ಕೊಳೆ ಪೂರ್ತಿ ತೆಗೆಯಿರಿ, ಕೊಳೆ ಇದ್ದ ಕಡೆ ಬ್ಲೀಚ್ ಕೆಲಸ ಮಾಡಲ್ಲ. ಆಮೇಲೆ ದ್ರಾವಣ ಸುರಿದು ಹತ್ತು ನಿಮಿಷ ನೆಲ ಒದ್ದೆಯಾಗೇ ಇರಲಿ, ನಂತರ ನೀರು ಹಾಕಿ ತೊಳೆದು ಒಣಗಿಸಿ. ಅಷ್ಟು ಹೊತ್ತು ಮರಿಗಳು ಬೇರೆ ಕೋಣೆಯಲ್ಲಿರಲಿ. ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಬ್ಲೀಚ್ ಬೆರೆಸಬೇಡಿ, ಬರೋ ಗಾಳಿ ಉಸಿರು ಕಟ್ಟಿಸುತ್ತೆ.

ಪಾರ್ವೊ ಮನೆಗೆ ಬರೋದು ಬಹುತೇಕ ಚಪ್ಪಲಿಯಲ್ಲಿ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಬಂದವರು ಚಪ್ಪಲಿ ಮೆಟ್ಟಿಲ ಹತ್ತಿರ ಬಿಟ್ಟು, ಕೈಕಾಲು ಸೋಪಿನಲ್ಲಿ ತೊಳೆದು ಒಳಗೆ ಬರಲಿ. ಮನೆಯಲ್ಲಿ ಭೇದಿಯಾಗೋ ನಾಯಿ ಇರುವವರು ಬರೋದೇ ಬೇಡ. ಹೊರಗಿನ ನಾಯಿ ಒಳಗೆ ಬರಬಾರದು. ಇಷ್ಟು ಮಾಡಿದ್ರೆ ಜನರನ್ನ ಕರೆಸೋಕೆ ಭಯಪಡಬೇಕಿಲ್ಲ. ರೋಗದ ಭಯಕ್ಕೆ ಮರಿಯನ್ನ ಎಂಟು ವಾರ ಕತ್ತಲ ಕೋಣೆಯಲ್ಲಿಟ್ಟರೆ ಅದು ಬದುಕುತ್ತೆ, ಆದ್ರೆ ಹೆದರುಪುಕ್ಕಲಾಗಿ ಬದುಕುತ್ತೆ.

ಜಂತುಹುಳು ಮತ್ತು ಲಸಿಕೆ: ಹುಳುವಿನ ಔಷಧಿ 2, 4, 6, 8ನೇ ವಾರ, ತಾಯಿಗೂ ಜೊತೆಗೇ. ದುಂಡುಹುಳು ಗರ್ಭದಲ್ಲೇ ದಾಟುತ್ತೆ, ಕೊಕ್ಕೆಹುಳು ಹಾಲಿನಲ್ಲಿ ಬರುತ್ತೆ, ಹಾಗಾಗಿ "ಮರಿ ಹೊರಗೇ ಹೋಗಿಲ್ಲ" ಅನ್ನೋದು ಲೆಕ್ಕಕ್ಕಿಲ್ಲ. ಎರಡನೇ ವಾರದ್ದು ಹಾಕಿಸಿಲ್ಲದಿದ್ರೆ ನಾಳೆಯೇ ಹಾಕಿಸಿ. ಅಡುಗೆಮನೆ ತಕ್ಕಡಿಯಲ್ಲಿ ಒಂದೊಂದೇ ಮರಿ ತೂಗಿ, ಆ ತೂಕಕ್ಕೆ ಸಿರಿಂಜಿನಲ್ಲಿ ಅಳೆದು ಕೊಡಿ, ಅಂದಾಜಿನ ಚಮಚ ಬೇಡ. ಮೊದಲ ಲಸಿಕೆ ಆರರಿಂದ ಎಂಟು ವಾರದೊಳಗೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಹದಿನಾರು ವಾರ ತುಂಬುವವರೆಗೆ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರೋವರೆಗೆ ಲಸಿಕೆ ಹಿಡಿಯಲ್ಲ. ಆ ರಕ್ಷಣೆ ಯಾವ ಮರಿಗೆ ಯಾವಾಗ ಇಳಿಯುತ್ತೆ ಅಂತ ಹೊರಗಿಂದ ಗೊತ್ತಾಗಲ್ಲ, ಅದಕ್ಕೇ ಮತ್ತೆ ಮತ್ತೆ ಹಾಕೋದು. ನಮ್ಮ ಎರಡೂ ಜಿಲ್ಲೆಯ ಮಳೆ, ಗದ್ದೆ, ಇಲಿ ನೋಡಿದ್ರೆ ಎಂಟು ವಾರದ ನಂತರ ಇಲಿಜ್ವರದ ಲಸಿಕೆಯನ್ನೂ ಬಿಡಬಾರದು. ರೇಬಿಸ್ ಮೂರು ತಿಂಗಳಿಗೆ.

ಕೊಪ್ಪ ಕಡೆಯವರು:
ಈಗ ಅಸಲು ಕೆಲಸಕ್ಕೆ ಬರೋಣ. ಮರಿಗೆ ಲೋಕ ತೋರಿಸೋದು ಅಂದ್ರೆ ಹತ್ತು ಜನ ಹತ್ತು ಕೈಗೆ ದಾಟಿಸೋದಲ್ಲ. ಮರಿ ತಾನಾಗಿ ಹತ್ತಿರ ಬರಬೇಕು, ಬೇಡ ಅನ್ನಿಸಿದ್ರೆ ಹಿಂದಕ್ಕೆ ಹೋಗೋಕೆ ದಾರಿ ಇರಬೇಕು. ಇದೊಂದು ನೆನಪಿಟ್ಟುಕೊಂಡ್ರೆ ಅರ್ಧ ತಪ್ಪು ತಪ್ಪುತ್ತೆ. ಬಂದವರು ನೆಲದ ಮೇಲೆ ಕೂತ್ಕೊಳ್ಳಲಿ, ಕೈ ಚಾಚದೆ ಸುಮ್ಮನಿರಲಿ. ಮರಿ ಬಂದು ಮೂಸಿದ ಮೇಲೆ ಗದ್ದದ ಕೆಳಗೆ, ಎದೆ ಹತ್ತಿರ ಸವರಲಿ. ಮೇಲಿಂದ ತಲೆ ಮೇಲೆ ಕೈ ತಂದ್ರೆ ಮರಿ ಕುಗ್ಗುತ್ತೆ. ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಆಮೇಲೆ ನಿದ್ದೆ ಮಾಡಲಿ. ಈ ವಯಸ್ಸಿನ ಮರಿ ದಿನದ ಮುಕ್ಕಾಲು ಪಾಲು ಮಲಗುತ್ತೆ, ಮಲಗಿದ್ದನ್ನ ಎಬ್ಬಿಸಿ ತೋರಿಸೋದು ತಪ್ಪು.

ಯಾರನ್ನ ಕರೆಸಬೇಕು? ಮನೆಯವರ ಮುಖ ರೂಢಿಯಾಗಿರುತ್ತೆ, ಅದು ಸಾಲದು. ಗಡ್ಡದವರು, ದಪ್ಪ ದನಿಯವರು, ಕೋಲು ಹಿಡಿದ ಅಜ್ಜ, ಕೂತು ಆಡೋ ವಯಸ್ಸಿನ ಮಕ್ಕಳು (ದೊಡ್ಡವರು ಪಕ್ಕದಲ್ಲೇ ಇರಬೇಕು, ಮಕ್ಕಳು ನಿಂತು ಎತ್ತಿಕೊಳ್ಳೋದು ಬೇಡ, ಜಾರಿಬೀಳುತ್ತೆ). ನಮ್ಮ ಕಡೆ ಮುಖ್ಯವಾದ ಇನ್ನೊಂದಿದೆ: ಮಳೆಗಾಲದಲ್ಲಿ ಮನುಷ್ಯನ ಆಕಾರವೇ ಬದಲಾಗುತ್ತೆ. ರೈನ್‌ಕೋಟು, ಕಂಬಳಿ ಕೊಪ್ಪೆ, ಗೊರಬು, ಹೆಲ್ಮೆಟ್ಟು, ತಲೆ ಮೇಲೆ ಸೊಪ್ಪಿನ ಹೊರೆ. ಇವನ್ನ ನೋಡದ ನಾಯಿ ಮುಂದೆ ಇವರನ್ನೇ ಅಟ್ಟಿಸಿಕೊಂಡು ಹೋಗೋದು. ಕೊಡೆಯನ್ನ ಮೊದಲ ದಿನ ಮಡಚಿ ನೆಲದ ಮೇಲೆ ಇಡಿ, ಪಕ್ಕ ಎರಡು ಚೂರು ಬೇಯಿಸಿದ ಕೋಳಿ ಹಾಕಿ. ಮಾರನೇ ದಿನ ಅರ್ಧ ಬಿಚ್ಚಿ ಇಡಿ. ಅದರ ಕೆಳಗೆ ಹೋಗಿ ಆಡೋಕೆ ಶುರು ಮಾಡಿದ ಮೇಲೆ ದೂರದಲ್ಲಿ ನಿಧಾನವಾಗಿ ಬಿಚ್ಚಿ ಮುಚ್ಚಿ. ರಪ್ಪಂತ ಮುಖದ ಮುಂದೆ ಬಿಚ್ಚಿದ್ರೆ ಒಂದೇ ಸಲಕ್ಕೆ ಜೀವನಪೂರ್ತಿ ಕೊಡೆ ಕಂಡ್ರೆ ಆಗಲ್ಲ.

ಶಬ್ದ. ತಗಡಿನ ಶೀಟಿನ ಮೇಲಿನ ಮಳೆ ನಿಮ್ಮ ಮರಿಗಳಿಗೆ ಹುಟ್ಟಿದಾಗಿಂದ ಜೋಗುಳ, ಅದು ಲಾಭ. ಮಿಕ್ಸಿ, ಕುಕ್ಕರ್ ಸೀಟಿ, ಸ್ಟೀಲ್ ಪಾತ್ರೆ ಬೀಳೋದು, ಕಳೆ ಹೊಡೆಯೋ ಮಿಷನ್ನು, ಜನರೇಟರು, ಜೀಪು ಇವೆಲ್ಲ ಆಗಬೇಕು. ದೂರದಿಂದ ಶುರು, ಮರಿಗಳು ಊಟ ಮಾಡ್ತಿರುವಾಗ. ಮಿಕ್ಸಿ ಅಡುಗೆಮನೆಯಲ್ಲಿ ತಿರುಗಲಿ, ಮರಿಗಳು ಎರಡು ಕೋಣೆ ಆಚೆ ಇರಲಿ. ತಲೆ ಎತ್ತಿ ಕೇಳಿ ಮತ್ತೆ ತಿನ್ನೋಕೆ ಹೋದ್ರೆ ಸರಿಯಾದ ಅಳತೆ. ತಿನ್ನೋದು ಬಿಟ್ಟು ಮೂಲೆಗೆ ಹೋದ್ರೆ ಜಾಸ್ತಿ ಆಯ್ತು, ಇನ್ನೂ ದೂರ ಹೋಗಿ. ಈಗ ಆಷಾಢದಲ್ಲಿ ಗುಡುಗು ಕಡಿಮೆ. ಹಿಂಗಾರಿನ ಗುಡುಗು, ಗಣಪತಿ ಹಬ್ಬ ದೀಪಾವಳಿಯ ಪಟಾಕಿ ಇವು ಮರಿ ಹೋದ ಮೇಲೆ ಬರೋವು, ಹಾಗಾಗಿ ಮೊಬೈಲಿನಲ್ಲಿ ರೆಕಾರ್ಡು ಹಾಕಿ, ಕೇಳೀ ಕೇಳದಷ್ಟು ಸಣ್ಣ ದನಿಯಲ್ಲಿ ಶುರು ಮಾಡಿ, ಎರಡು ಮೂರು ದಿನಕ್ಕೊಂದು ಹಂತ ದನಿ ಏರಿಸಿ. ಸಕಲೇಶಪುರ, ಆಲೂರು ಕಡೆ ಆನೆ ಓಡಿಸೋಕೆ ಪಟಾಕಿ ವರ್ಷವಿಡೀ ಹೊಡೀತಾರೆ, ಅಲ್ಲಿಗೆ ಹೋಗೋ ಮರಿಗೆ ಇದನ್ನ ತಪ್ಪಿಸಬೇಡಿ.

ನೆಲಗಳು: ಒದ್ದೆ ಹುಲ್ಲು, ಜಲ್ಲಿ, ನಾರಿನ ಮ್ಯಾಟು, ಟೈಲ್ಸು, ಅಲ್ಲಾಡೋ ಹಲಗೆ, ಸರಬರ ಅನ್ನೋ ಟಾರ್ಪಾಲು, ಎರಡು ಮೆಟ್ಟಿಲು. ಮಳೆಗೆ ಹೊರಗೆ ಹೋಗೋಕಾಗದಿದ್ರೆ ಜಗಲಿಗೇ ಒಂದೊಂದು ಟ್ರೇಯಲ್ಲಿ ತಂದಿಡಿ.

ಬೇಲೂರು ಎಸ್ಟೇಟ್ ರೈಟರ್:
ಇಷ್ಟೆಲ್ಲ ಜನರ ಕೈಗೆ ರೂಢಿ ಮಾಡಿಸಿದ್ರೆ ಕಾವಲಿಗೆ ನಾಯಿ ಆಗುತ್ತಾ? ತೋಟಕ್ಕೆ ಬೇಕಾಗಿರೋದು ಹೊರಗಿನವರನ್ನ ನಂಬದ ನಾಯಿ. ಪಕ್ಕದ ಎಸ್ಟೇಟಿಗೆ ಹೋಗೋ ಮರಿಯನ್ನಾದ್ರೂ ಜನರಿಂದ ದೂರ ಇಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಕೊಪ್ಪ ಕಡೆಯವರು:
ಇಲ್ಲ ಸರ್, ಇದರಲ್ಲಿ ನಾನು ಒಪ್ಪಲ್ಲ. ಕಾವಲಿನ ಬೊಗಳು ಬರೋದು ನಾಯಿ ಪ್ರಾಯಕ್ಕೆ ಬಂದಮೇಲೆ, ಒಂದು ಒಂದೂವರೆ ವರ್ಷಕ್ಕೆ, ತನ್ನ ಜಾಗ ಅಂತ ಗೊತ್ತಾದಾಗ. ಮರಿಯಲ್ಲಿ ಜನರನ್ನ ತೋರಿಸದೆ ಇಟ್ರೆ ಬರೋದು ಕಾವಲು ಬುದ್ಧಿ ಅಲ್ಲ, ಭಯ. ಹೆದರಿದ ನಾಯಿ ಕಳ್ಳ ಬಂದ್ರೆ ಮಂಚದಡಿ ಸೇರುತ್ತೆ, ಹಿಂದಿನಿಂದ ಹೋಗೋ ಹಾಲಿನ ಹುಡುಗನ ಮೀನಖಂಡ ಹಿಡಿಯುತ್ತೆ. ನೂರು ಮಾಮೂಲಿ ಮನುಷ್ಯರನ್ನ ನೋಡಿದ ನಾಯಿಗೇ ಮಾಮೂಲಿ ಅಲ್ಲದವನು ಯಾರು ಅಂತ ಗೊತ್ತಾಗೋದು. ಆಳುಗಳು ಮಕ್ಕಳು ಓಡಾಡೋ ತೋಟಕ್ಕೆ ಭಯದ ನಾಯಿ ತಂದ್ರೆ ಕೊನೆಗೆ ಹಗಲೂ ರಾತ್ರಿ ಸರಪಳಿಯಲ್ಲಿ ಕಟ್ಟಬೇಕಾಗುತ್ತೆ. ಆ ಎಸ್ಟೇಟಿನವರಿಗೆ ಹೇಳಬೇಕಾದ್ದು ಬೇರೆ: ರಾತ್ರಿ ಮರಿಯನ್ನ ಹೊರಗೆ ಬಿಡಬೇಡಿ, ಕಟ್ಟಿಯೂ ಹಾಕಬೇಡಿ, ಚಿರತೆ ಬರುತ್ತೆ. ಮೇಲೂ ಮುಚ್ಚಿದ ಗೂಡು ಬೇಕು.

ಬೇಲೂರು ಎಸ್ಟೇಟ್ ರೈಟರ್:
ಆಳುಗಳ ಮಕ್ಕಳ ವಿಚಾರ ನಾನು ಯೋಚನೆ ಮಾಡಿರಲಿಲ್ಲ. ಸರಿ, ಒಪ್ಪಿದೆ. ನಮ್ಮ ಲೈನ್‌ಮನೆ ಮಕ್ಕಳು ಯಾವಾಗಲೂ ನಾಯಿ ಸುತ್ತಲೇ ಇರ್ತಾರೆ.

ಮೂಡಿಗೆರೆ ತೋಟದಮನೆ:
ತುಂಬಾ ಉಪಕಾರ ಎಲ್ಲರಿಗೂ. ಒಂದು ಹೆಣ್ಣುಮರಿ ಉಳಿದವುಗಳ ಹಾಗಿಲ್ಲ. ಯಾರಾದ್ರೂ ಒಳಗೆ ಬಂದ್ರೆ ತಾಯಿ ಬೆನ್ನ ಹಿಂದೆ ಹೋಗಿ ಕೂರುತ್ತೆ. ಅದನ್ನ ಎತ್ತಿಕೊಂಡು ಜಾಸ್ತಿ ಹೊತ್ತು ಕೈಯಲ್ಲಿಟ್ಟುಕೊಂಡ್ರೆ ಸರಿಹೋಗುತ್ತಾ? ಇನ್ನೊಂದು, ಊಟ ಯಾವಾಗ ಶುರು ಮಾಡ್ಲಿ? ಹಸುವಿನ ಹಾಲು, ರಾಗಿ ಗಂಜಿ ಕೊಡಬಹುದಾ?

ಹಾಸನ ಪಶುವೈದ್ಯೆ:
ಆ ಮರಿಯನ್ನ ಮೊದಲು ತೂಗಿ. ತೂಕ ಅಣ್ಣತಮ್ಮಂದಿರಿಗಿಂತ ಬಹಳ ಹಿಂದಿದ್ರೆ, ಹೊಟ್ಟೆ ಉಬ್ಬಿದ್ರೆ ಅದು ಸ್ವಭಾವ ಅಲ್ಲ, ಹುಳು ಅಥವಾ ಬೇರೆ ಕಾಯಿಲೆ ಇರಬಹುದು. ನಾಲ್ಕನೇ ವಾರದಲ್ಲಿ, ಮಲಗಿದ್ದಾಗ ಅದರ ಹಿಂದೆ ಒಂದು ಗೊಂಚಲು ಬೀಗದ ಕೈ ಬೀಳಿಸಿ ನೋಡಿ. ಉಳಿದವು ಎದ್ದು ಅದೊಂದೇ ಮಲಗಿದ್ರೆ ಕಿವಿ ಪರೀಕ್ಷೆ ಮಾಡಿಸಬೇಕು.

ಆರೋಗ್ಯ ಸರಿಯಿದ್ರೆ, ಬಲವಂತವಾಗಿ ಎತ್ತಿ ಹಿಡಿದುಕೊಳ್ಳೋದು ತದ್ವಿರುದ್ಧ ಪರಿಣಾಮ ಕೊಡುತ್ತೆ. ಕೈಯಲ್ಲಿ ಸುಮ್ಮನಿದೆ ಅಂದ್ರೆ ಹೊಂದಿಕೊಂಡಿದೆ ಅಂತಲ್ಲ. ಮೈ ಬಿಗಿ, ಬಾಲ ಒಳಗೆ, ಮೂಗು ನೆಕ್ಕಿಕೊಳ್ಳೋದು, ನಿದ್ದೆ ಇಲ್ಲದೆ ಆಕಳಿಸೋದು ಕಂಡ್ರೆ ಅದು ಮರಗಟ್ಟಿದ ಭಯ. ಅದನ್ನ ಒಂಟಿಯಾಗಿ, ಅಥವಾ ಧೈರ್ಯದ ಒಂದೇ ಮರಿ ಜೊತೆ, ಬೇರೆ ಜಾಗಕ್ಕೆ ಕರೆದುಕೊಂಡು ಹೋಗಿ. ಒಬ್ಬರೇ ವ್ಯಕ್ತಿ, ಪಕ್ಕಕ್ಕೆ ತಿರುಗಿ ಕೂತಿರಲಿ, ಸುತ್ತ ಕೋಳಿ ಚೂರು ಚೆಲ್ಲಿರಲಿ. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಎರಡು ಮೂರು ನಿಮಿಷ. ಅಳತೆಗೋಲು ಹೆದರಿತಾ ಇಲ್ವಾ ಅನ್ನೋದಲ್ಲ, ಹೆದರಿದ ಮೇಲೆ ಎಷ್ಟು ಬೇಗ ಚೇತರಿಸಿಕೊಂಡು ಮತ್ತೆ ನೋಡೋಕೆ ಬಂತು ಅನ್ನೋದು. ವಾರದಲ್ಲಿ ಆ ಹೊತ್ತು ಕಡಿಮೆಯಾಗ್ತಾ ಬರಬೇಕು. ಈ ಮರಿಯನ್ನ ಎಂಟನೇ ವಾರದ ಬದಲು ಹತ್ತನೇ ವಾರಕ್ಕೆ ಕೊಟ್ರೂ ಸರಿ, ಆದ್ರೆ ಆ ಎರಡು ವಾರವೂ ಕೆಲಸ ನಡೀಬೇಕು.

ಚಿಕ್ಕಮಗಳೂರು ನಾಯಿಮನೆ:
ಊಟದ್ದು ನಾನು ಹೇಳ್ತೀನಿ. ಮೂರೂವರೆ ವಾರಕ್ಕೆ ಶುರು ಮಾಡಿ. ನಾಯಿಯ ಹಾಲಿನಲ್ಲಿ ಪ್ರೋಟೀನ್, ಕೊಬ್ಬು ಎರಡೂ ಹಸುವಿನ ಹಾಲಿಗಿಂತ ಎರಡು ಪಟ್ಟು ಆಸುಪಾಸು, ಸಕ್ಕರೆ ಅಂಶ ಕಡಿಮೆ. ಹಸುವಿನ ಹಾಲು ಧಾರಾಳವಾಗಿ ಕೊಟ್ರೆ ಭೇದಿ, ಮಳೆಗಾಲದ ಭೇದಿ ಎಂದ್ರೆ ಒಂದೇ ದಿನಕ್ಕೆ ಮರಿ ಒಣಗಿಹೋಗುತ್ತೆ. ರಾಗಿ ಗಂಜಿಯಿಂದ ಹೊಟ್ಟೆ ತುಂಬುತ್ತೆ, ಮೈ ಕಟ್ಟಲ್ಲ. ಪಪ್ಪಿ ಫುಡ್ ಒಂದು ಪಾಲಿಗೆ ಮೂರು ಪಾಲು ಉಗುರುಬೆಚ್ಚನೆ ನೀರು, ಅರ್ಧ ಗಂಟೆ ನೆನೆಸಿ ಕಿವುಚಿ ಗಂಜಿ ಹದಕ್ಕೆ ತನ್ನಿ. ಮೊದಲ ದಿನ ದಿನಕ್ಕೊಂದು ಸಲ, ನಾಲ್ಕು ದಿನದಲ್ಲಿ ನಾಲ್ಕು ಸಲಕ್ಕೆ ಏರಿಸಿ. ಪ್ರತಿ ಎರಡು ಮೂರು ದಿನಕ್ಕೆ ನೀರು ಕಡಿಮೆ ಮಾಡುತ್ತಾ ಏಳನೇ ವಾರಕ್ಕೆ ಒಣ ಕಾಳು. ಲ್ಯಾಬ್ ಮರಿಗೆ ದೊಡ್ಡ ತಳಿಗೆಂದೇ ಇರೋ ಪಪ್ಪಿ ಫುಡ್ ತಗೊಳ್ಳಿ, ಮೇಲೆ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ, ಜಾಸ್ತಿಯಾದ ಕ್ಯಾಲ್ಸಿಯಂ ಬೆಳೆಯೋ ಮೂಳೆಯನ್ನೇ ಕೆಡಿಸುತ್ತೆ.

ತಟ್ಟೆ ವಿಚಾರ ಬಹಳ ಜನ ಗಮನಿಸಲ್ಲ. ಆರು ಮರಿಗೂ ಒಂದೇ ತಟ್ಟೆ ಇಟ್ರೆ ಬಲವಾದ್ದು ನುಂಗುತ್ತೆ, ಸಣ್ಣದು ಗುರ್ ಅನ್ನೋಕೆ ಕಲಿಯುತ್ತೆ. ಐದನೇ ವಾರದಿಂದ ಆರು ಬೇರೆ ತಟ್ಟೆ, ಒಂದೊಂದಕ್ಕೂ ಎರಡು ಅಡಿ ದೂರ. ಉಣ್ಣುವಾಗ ಹತ್ತಿರ ಹೋಗಿ ತಟ್ಟೆಗೆ ಒಂದು ಕೋಳಿ ಚೂರು ಹಾಕಿ ಬನ್ನಿ. "ಊಟ ಕಿತ್ತುಕೊಂಡು ರೂಢಿ ಮಾಡಿಸಬೇಕು" ಅನ್ನೋದು ತಪ್ಪು ಪಾಠ. ಕೈ ಬಂದ್ರೆ ಇನ್ನೂ ಒಳ್ಳೇದು ಸಿಗುತ್ತೆ ಅಂತ ಗೊತ್ತಾಗಬೇಕು. ಪ್ರತಿ ಊಟಕ್ಕೂ ಒಂದೇ ಕರೆ ಕೂಗಿ, "ಬಾ ಬಾ ಬಾ" ಅಂತಲೋ ಸಿಳ್ಳೆಯೋ. ಎಂಟನೇ ವಾರಕ್ಕೆ ಆ ಕರೆ ಕೇಳಿದ್ರೆ ಮಂಜಿನಲ್ಲೂ ಓಡಿಬರುತ್ತೆ, ಹೊಸ ಮನೆಯವರಿಗೆ ಅದೇ ಕರೆ ಹೇಳಿಕೊಡಿ. ಮತ್ತೆ, ಜಾಲರಿ ಮೇಲೆ ಕಾಲಿಟ್ಟು ಕೂಗೋ ಮರಿಯನ್ನ ಎತ್ತಿಕೊಳ್ಳಬೇಡಿ. ನಾಲ್ಕೂ ಕಾಲು ಕೆಳಗಿಟ್ಟಾಗ ಅಥವಾ ಕೂತಾಗ ಮಾತ್ರ ಮಾತಾಡಿಸಿ. ಮೂವತ್ತು ಕಿಲೋ ಲ್ಯಾಬ್ ಅಜ್ಜಿ ಮೇಲೆ ಹಾರೋದು ಶುರುವಾಗೋದು ಇಲ್ಲಿಂದ.

ಐದನೇ ವಾರದಿಂದ ಪ್ರತಿ ಮರಿಯನ್ನೂ ದಿನಕ್ಕೊಂದು ಸಲ ಒಂಟಿಯಾಗಿ ಬೇರೆ ಕೋಣೆಗೆ ಒಯ್ಯಿರಿ, ಶುರುವಿಗೆ ಐದು ನಿಮಿಷ, ಏಳನೇ ವಾರಕ್ಕೆ ಹದಿನೈದು ಇಪ್ಪತ್ತು. ಅಲ್ಲೇ ಉಗುರಿನ ತುದಿ ಕತ್ತರಿಸಿ, ಕಿವಿ ಬಾಯಿ ತೆರೆದು ನೋಡಿ, ಬಾಚಿ. ಉಗುರನ್ನ ವಾರಕ್ಕೊಮ್ಮೆ ತೆಗೆಯದಿದ್ರೆ ತಾಯಿಯ ಮೊಲೆ ಗೀರಿ ಅವಳು ಹಾಲು ಕೊಡೋಕೆ ಒಪ್ಪಲ್ಲ.

ಅರಸೀಕೆರೆಯಿಂದ:
ಉಣ್ಣೆಗೆ ಏನು ಮಾಡೋದು? ದನಕ್ಕೆ ಹಾಕೋ ಔಷಧಿ ನೀರಲ್ಲಿ ಕಲಸಿ ಹಾಕ್ತಾರಲ್ಲ.

ಹಾಸನ ಪಶುವೈದ್ಯೆ:
ಮರಿಗೆ ಖಂಡಿತ ಹಾಕಬೇಡಿ. ದನದ ಔಷಧಿಯ ತೀವ್ರತೆ ಬೇರೆ, ನಡುಕ ಬಂದು ಮರಿ ಸಾಯುತ್ತೆ. ಎರಡು ದಿನದ ಮರಿಗೂ ಬಳಸಬಹುದಾದ ಫಿಪ್ರೊನಿಲ್ ಸ್ಪ್ರೇ ಇದೆ, ತೂಕಕ್ಕೆ ಎಷ್ಟು ಸಲ ಒತ್ತಬೇಕು ಅಂತ ನಿಮ್ಮ ಡಾಕ್ಟರನ್ನ ಕೇಳಿ. ಬೆನ್ನ ಮೇಲೆ ಬಿಡೋ ಹನಿ ಔಷಧಿ ಎಂಟು ವಾರದ ನಂತರ. ದಿನಾ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿ, ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆಯಿರಿ, ಬರಿಗೈಯಲ್ಲಿ ಹಿಸುಕಬೇಡಿ. ಕಾಡಿನಂಚಿನ ಮನೆಗಳಲ್ಲಿ ನಾಯಿ ಮೇಲಿನ ಉಣ್ಣೆ ಮನೆಯವರ ಮೈ ಹತ್ತುತ್ತೆ, ಮಂಗನ ಕಾಯಿಲೆ ಇರೋ ತಾಲ್ಲೂಕುಗಳಲ್ಲಿ ಇದು ಮನುಷ್ಯರ ಪ್ರಶ್ನೆಯೂ ಹೌದು. ಇಂಬಳ ಹತ್ತಿದ್ರೆ ಕೀಳಬೇಡಿ, ಒಂದು ಚಿಟಿಕೆ ಉಪ್ಪು ಮುಟ್ಟಿಸಿದ್ರೆ ತಾನೇ ಬಿಡುತ್ತೆ.

ಉಣ್ಣೆಗಿಂತ ಬೇಗ ಕೊಲ್ಲೋದು ತೋಟದ ಉಗ್ರಾಣ. ಬಸವನಹುಳುವಿಗೆ ಹಾಕೋ ಮೆಟಾಲ್ಡಿಹೈಡ್ ಗುಳಿಗೆ ಮರಿಗೆ ತಿಂಡಿಯ ಹಾಗೇ ಕಾಣುತ್ತೆ, ತಿಂದ ಸ್ವಲ್ಪ ಹೊತ್ತಿಗೇ ನಡುಕ, ಸೆಳೆತ, ಮೈ ಕಾವು. ಇಲಿ ಪಾಷಾಣ, ಬೋರ್ಡೋ ದ್ರಾವಣಕ್ಕೆ (ತೋಟಕ್ಕೆ ಹೊಡೆಯೋ ಶಿಲೀಂಧ್ರನಾಶಕ) ತಂದ ಮೈಲುತುತ್ತ, ಕಣದ ಕಾಫಿ ಬೀಜ, ಬಿದ್ದ ಅಡಿಕೆ ಇವೂ ಆಗಬಾರದು. ತಿಂದಿದೆ ಅಂತ ಅನುಮಾನ ಬಂದ ಕೂಡಲೇ ಪ್ಯಾಕೆಟ್ ಸಮೇತ ಡಾಕ್ಟರ ಹತ್ತಿರ ಹೊರಡಿ. ಹಾಲು, ಎಣ್ಣೆ, ಉಪ್ಪುನೀರು ಕುಡಿಸ್ತಾ ಕೂರಬೇಡಿ.

ಮೂಡಿಗೆರೆ ತೋಟದಮನೆ:
ಬೆಂಗಳೂರಿಗೆ ಹೋಗೋ ಮರಿಗೆ ಬೇರೆ ಏನಾದ್ರೂ ಬೇಕಾ? ಹಾಗೇ ಹಾಸನದ ಒಂದು ಮನೆಯವರು "ಎರಡು ಕೊಡಿ, ಒಂದಕ್ಕೊಂದು ಜೊತೆಯಾಗುತ್ತೆ" ಅಂತಿದ್ದಾರೆ.

ಕೊಪ್ಪ ಕಡೆಯವರು:
ಬೆಂಗಳೂರಿನದ್ದಕ್ಕೆ ಮೂರು: ಟೈಲ್ಸು, ಮುಚ್ಚಿದ ಸಣ್ಣ ಜಾಗ, ಗಾಡಿ. ಲಿಫ್ಟು ಇಲ್ಲಿಲ್ಲ, ಆದ್ರೆ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಒಳಗೆ ಊಟ ಇಟ್ಟು, ತಾನಾಗಿ ಹೋಗಿ ಮಲಗೋ ಹಾಗೆ ಮಾಡಿ. ಆರನೇ ವಾರದಿಂದ ನಿಂತ ಜೀಪಿನಲ್ಲಿ ಊಟ, ಆಮೇಲೆ ಇಂಜಿನ್ ಚಾಲು ಮಾಡಿ ಐದು ನಿಮಿಷ, ಆಮೇಲೆ ಗೇಟಿನವರೆಗೆ ಹೋ‌ಗಿಬನ್ನಿ. ಹೊರಡೋ ದಿನ ಮೂರು ಗಂಟೆ ಮುಂಚೆ ಸ್ವಲ್ಪ ಊಟ, ನಮ್ಮ ತಿರುವುಗಳಲ್ಲಿ ತುಂಬಿದ ಹೊಟ್ಟೆ ನಿಲ್ಲಲ್ಲ. ದಾರಿಯಲ್ಲಿ ಹೋಟೆಲ್ ಮುಂದೆ ನೆಲಕ್ಕೆ ಇಳಿಸಬೇಡಿ, ಬೀದಿನಾಯಿಗಳು ಓಡಾಡೋ ಜಾಗ. ಗಾಡಿಯೊಳಗೇ ಟ್ರೇಯಲ್ಲಿ ಮಾಡಲಿ.

ಎರಡು ಮರಿ ಒಂದೇ ಮನೆಗೆ ಬೇಡ ಅಂತ ಹೇಳಿ ಅಣ್ಣ. ಒಂದನ್ನೊಂದು ನೋಡಿಕೊಂಡು ಬೆಳೆದು ಮನುಷ್ಯರ ಕಡೆ ಗಮನ ಕಡಿಮೆಯಾಗುತ್ತೆ, ಒಂದನ್ನ ಬಿಟ್ಟು ಇನ್ನೊಂದು ಇರಲ್ಲ. ಇಬ್ಬರು ದೊಡ್ಡವರು ದಿನಾ ಬೇರೆ ಬೇರೆ ಊಟ, ಬೇರೆ ನಡಿಗೆ, ಬೇರೆ ಮಲಗೋ ಜಾಗ ಮಾಡೋಕೆ ತಯಾರಿದ್ರೆ ಮಾತ್ರ ಯೋಚನೆ ಮಾಡಿ. ಇಲ್ಲದಿದ್ರೆ ಒಂದು ಈಗ, ಇನ್ನೊಂದು ವರ್ಷ ಬಿಟ್ಟು.

ಚಿಕ್ಕಮಗಳೂರು ನಾಯಿಮನೆ:
ಕೊಡುವಾಗ ಲಸಿಕೆ ಕಾರ್ಡಿನಲ್ಲಿ ಬಾಟಲಿಯ ಸ್ಟಿಕ್ಕರ್ ಅಂಟಿಸಿರೋದು ನೋಡಿಕೊಳ್ಳಿ, ಹುಳುವಿನ ಔಷಧಿ ಕೊಟ್ಟ ತಾರೀಖು, ವಾರವಾರದ ತೂಕ, ಒಂದು ವಾರಕ್ಕಾಗುವಷ್ಟು ಅದೇ ಊಟ, ತಾಯಿ ಮಲಗಿದ ಬಟ್ಟೆಯ ತುಂಡು ಜೊತೆಗೆ ಕಳಿಸಿ. ಯಾವ ಮರಿ ಯಾವುದಕ್ಕೆ ಬೆಚ್ಚಿತ್ತು, ಯಾವುದಕ್ಕೆ ಒಗ್ಗಿದೆ ಅಂತಲೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಮೊದಲ ಕೆಲವು ರಾತ್ರಿ ಮರಿ ಹಾಸಿಗೆ ಪಕ್ಕದಲ್ಲೇ ಮಲಗಲಿ ಅಂತ ಹೇಳಿ, ಹೊಸ ಮನೆಯ ಮೊದಲ ದಿನವೇ ಹೊರಗಿನ ಶೆಡ್ಡಿಗೆ ಹಾಕಿದ್ರೆ ನಿಮ್ಮ ಐದು ವಾರದ ಕೆಲಸ ನೀರಪಾಲು. ಲಸಿಕೆ ಮುಗಿಯೋವರೆಗೂ ಎತ್ತಿಕೊಂಡು ಅಥವಾ ಚೀಲದಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡು, ಸಂತೆ ತೋರಿಸಬಹುದು, ನೆಲಕ್ಕೆ ಬಿಡದಿದ್ರೆ ಆಯ್ತು. ಸಾಕೋಕಾಗದಿದ್ರೆ ಬೇರೆಯವರಿಗೆ ದಾಟಿಸದೆ ನಮಗೇ ವಾಪಸ್ ಕೊಡಿ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ.

ಮೂಡಿಗೆರೆ ತೋಟದಮನೆ:
ನಾಲ್ಕೂ ಮನೆಯವರಿಗೆ 56 ದಿನ ಅಂತ ಹೇಳಿಬಿಟ್ಟೆ, ಎರಡು ಮರಿ ಕೇಳಿದವರು ಒಂದಕ್ಕೆ ಒಪ್ಪಿದರು. ದಿನಚರಿ ಹೀಗೆ ಇಟ್ಟಿದ್ದೀನಿ: ಬೆಳಿಗ್ಗೆ ಊಟದ ಹೊತ್ತಿಗೆ ಶಬ್ದ, ಹನ್ನೊಂದಕ್ಕೆ ಒಬ್ಬರು ಹೊಸಬರು, ಸಂಜೆ ಹೊಸ ನೆಲ, ಎಂಟಕ್ಕೆ ಉಗುರು ಬಾಚಣಿಗೆ. ಸರಿಯಿದೆಯಾ?

ಹಾಸನ ಪಶುವೈದ್ಯೆ:
ಒಂದು ಬದಲಾವಣೆ. ದಿನಕ್ಕೆ ನಾಲ್ಕೂ ಹೊಸತು ಬೇಡ, ಒಂದು ಅಥವಾ ಎರಡು ಹೊಸತು, ಉಳಿದದ್ದು ಹಿಂದೆ ನೋಡಿದ್ದೇ. ಲಸಿಕೆ ಹಾಕಿಸಿದ ದಿನ ಮತ್ತು ಮಾರನೇ ದಿನ ಹೊಸತೇನೂ ಬೇಡ, ಮಲಗಲಿ. ಮಲ ನೀರಾದ್ರೆ ಕಾರ್ಯಕ್ರಮ ಎಲ್ಲ ನಿಲ್ಲಿಸಿ ಮೊದಲು ಮಲದ ಮಾದರಿ ತಂದು ತೋರಿಸಿ. ಆ ಹೆಣ್ಣುಮರಿಯ ತೂಕ ನಾಳೆ ಇಲ್ಲೇ ಹಾಕಿ.